ರುವೈಸಿನಿಂದ ಬಂದ ಹನ್ನೊಂದು ನಾಣ್ಯ

ನನ್ನ ಗಂಡ ಲಿಯೊನೆಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಹದಿನೇಳು ವರ್ಷ ನಂಬಿಕೊಂಡು ಬಂದವಳು ನಾನು. ಹೊರಗೆ ಸಮೋಸ ತಿಂದು ಬಂದು ಹಸಿವಿಲ್ಲ ಎನ್ನುವಾಗಲೂ ಅವನ ಕಿವಿ ಕೆಂಪಾಗುತ್ತದೆ. ಅಂಥ ಮನುಷ್ಯ ಏಳು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ. ಅದೂ ಕಣ್ಣನ್ನೇ ನಂಬಿ ಅನ್ನ ತಿನ್ನುತ್ತಿದ್ದವಳ ಕಣ್ಣಿಗೆ. ಈಗ ಇದನ್ನು ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ, ಬರಲಿ.

ಅಬುಧಾಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷ ನಾನು ರಕ್ತದ ಸ್ಲೈಡ್ ನೋಡುತ್ತಿದ್ದೆ. ಮೈಕ್ರೋಸ್ಕೋಪಿನ ಮುಂದೆ ಕೂತರೆ ಊಟದ ನೆನಪಾಗುತ್ತಿರಲಿಲ್ಲ. ಬೇರೆಯವರಿಗೆ ಅನುಮಾನ ಬಂದ ಸ್ಲೈಡ್ ಕೊನೆಗೆ ನನ್ನ ಮೇಜಿಗೇ ಬರುತ್ತಿತ್ತು. 'ಉರ್ಸುಲಾ ನೋಡಿದ್ದಾಳೆ' ಅಂದರೆ ಆಯಿತು, ಅಲ್ಲಿಗೆ ಮಾತು ಮುಗಿಯಿತು. ನನಗೂ ಸ್ವಲ್ಪ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ಹೋದ ವರ್ಷದ ಆರಂಭದಲ್ಲಿ ಜಯಪಾಲ ಎಂಬ ಕಾರ್ಕಳ ಕಡೆಯ ಡ್ರೈವರ್ ಜ್ವರ ಎಂದು ಬಂದ. ಊರಿಗೆ ಹೋಗಿ ಬಂದು ಎರಡು ವಾರವಾಗಿತ್ತು. ಆ ದಿನ ರಕ್ತ ತೆಗೆಯುವವರು ಕಡಿಮೆ ಇದ್ದ ಕಾರಣ ನಾನೇ ಸೂಜಿ ಹಿಡಿದೆ. 'ಅಕ್ಕಾ, ಒಂತೆ ಮೆಲ್ಲ', ಸ್ವಲ್ಪ ಮೆಲ್ಲಗೆ, ಎಂದು ತುಳುವಿನಲ್ಲಿ ಹೇಳಿ ಮುಖ ಆಚೆ ತಿರುಗಿಸಿದ. ಸ್ಲೈಡ್ ಮಾಡಿದವಳೂ ನಾನು, ನೋಡಿದವಳೂ ನಾನು. ಮಲೇರಿಯಾ ಇಲ್ಲ ಎಂದು ಬರೆದೆ.

ನಾಲ್ಕು ದಿನದ ನಂತರ ಅವನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಹೊತ್ತು ತಂದರು. ಮಲೇರಿಯಾವೇ ಆಗಿತ್ತು, ಕೆಟ್ಟ ಜಾತಿಯದು. ಇಪ್ಪತ್ತಾರು ದಿನ ಐಸಿಯುನಲ್ಲಿದ್ದ. ಜೀವ ಉಳಿಯಿತು, ಕಿಡ್ನಿ ಉಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಅವನನ್ನು ವಿಮಾನ ಹತ್ತಿಸಿದರು. ನನ್ನ ಹಳೆಯ ಸ್ಲೈಡ್ ತೆಗೆದು ಮತ್ತೆ ನೋಡಿದಾಗ ಕೆಂಪು ಕಣಗಳ ಒಳಗೆ ಮಲೇರಿಯಾದ ಸಣ್ಣ ಉಂಗುರಗಳು ಕೂತಿದ್ದವು. ಸೂಪರ್‌ವೈಸರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ನನಗೂ ಕಂಡಿತು.

ಯಾರೂ ಬೈಯಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. 'ಯಾರಿಗೂ ಆಗ್ತದೆ ಉರ್ಸುಲಾ' ಎಂದು ಒಬ್ಬೊಬ್ಬರೂ ಬೆನ್ನು ತಟ್ಟಿ ಹೋದರು. ವರದಿಯಲ್ಲಿ ಸ್ಲೈಡಿನ ಬಣ್ಣ ಸರಿಯಾಗಿ ಹತ್ತಿರಲಿಲ್ಲ ಎಂದು ಬರೆದು ಮುಗಿಸಿದರು. ಬಣ್ಣ ಹಾಕಿದವಳು ನಾನೇ, ಅದು ಚೆನ್ನಾಗಿಯೇ ಹತ್ತಿತ್ತು. ತಪ್ಪು ನಿನ್ನದು ಎಂದು ಒಬ್ಬರಾದರೂ ಮುಖಕ್ಕೆ ಹೇಳಿದ್ದರೆ ನಾನು ಅಲ್ಲೇ ಉಳಿಯುತ್ತಿದ್ದೆನೋ ಏನೋ. ರಾಜೀನಾಮೆ ಕೊಟ್ಟು ಮನೆಗೆ ಬಂದೆ.

ಮನೆ ಹಮ್ದಾನ್ ರಸ್ತೆಯ ಹಿಂದಿನ ಒಂದು ಬೆಡ್‌ರೂಮಿನ ಫ್ಲ್ಯಾಟು. ಮಗಳು ಸ್ಟೇಸಿ ಶಾಲೆಗೆ ಹೋದಮೇಲೆ ನಾನು ಮತ್ತು ಎ.ಸಿ.ಯ ಸದ್ದು, ಇಷ್ಟೇ. ಲಿಯೊನೆಲ್ ಇನ್ನೂರೈವತ್ತು ಕಿಲೋಮೀಟರ್ ದೂರದ ರುವೈಸಿನಲ್ಲಿ ಒಂದು ಕಂಪನಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಶುಕ್ರವಾರ ಸಂಜೆ ಬಂದು ಭಾನುವಾರ ಸಂಜೆ ಹೋಗುವವನು. ಆ ದಿನಗಳಲ್ಲಿ ನಾನು ಅಕ್ಕಿಯಲ್ಲಿ ಕಲ್ಲು ಇದೆಯೇ ಎಂದು ಮೂರು ಸಲ ನೋಡುತ್ತಿದ್ದೆ. ಗ್ಯಾಸ್ ಆರಿಸಿ ಲಿಫ್ಟಿನವರೆಗೆ ಹೋಗಿ ಮತ್ತೆ ಬಂದು ನೋಡುತ್ತಿದ್ದೆ. ಸ್ಟೇಸಿಯ ಜ್ವರಕ್ಕೆ ಥರ್ಮಾಮೀಟರ್ ಇಟ್ಟರೂ ಅದರ ಅಂಕಿ ಅವಳ ಬಾಯಿಂದಲೇ ಓದಿಸುತ್ತಿದ್ದೆ.

ನಾಣ್ಯದ ಹುಚ್ಚು ಹತ್ತಿದ್ದು ಫೋನಿನಲ್ಲಿ ಬಂದ ಒಂದು ವೀಡಿಯೋದಿಂದ. ಟಂಕಸಾಲೆಯಲ್ಲಿ ಅಚ್ಚು ಜಾರಿ ತಪ್ಪಾಗಿ ಮೂಡಿದ ನಾಣ್ಯಕ್ಕೆ ಬೆಲೆ ಇದೆಯಂತೆ. ಬೆಲೆ ಹಾಳಾಗಲಿ, ತಪ್ಪು ಹುಡುಕುವುದು ನನಗೆ ಬೇಕಾಗಿತ್ತು. ಸ್ಟೇಸಿಯ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನೆಲ್ಲ ಸುರಿದು, ಕೊಳೆ ಹೋಗಲಿ ಎಂದು ನಮ್ಮೂರಲ್ಲಿ ಹಿತ್ತಾಳೆ ತಿಕ್ಕುವ ಹಾಗೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ. ಪಳಪಳ ಹೊಳೆದವು. 'ಮಮ್ಮಿ, ದೇ ಆರ್ ಜಸ್ಟ್ ಕಾಯಿನ್ಸ್' ಎಂದು ಸ್ಟೇಸಿ ಕಣ್ಣು ಮೇಲೆ ಮಾಡಿದಳು.

ಲಿಯೊನೆಲ್ ಮಾತ್ರ ನಗಲಿಲ್ಲ. ಮುಂದಿನ ಶನಿವಾರವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ದುಬೈಯ ಅಲ್ ನಹ್ದಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಉಳ್ಳಾಲದ ಮುಹಿಯುದ್ದೀನ್ ಕಾಕ, ನಮ್ಮ ಬಾಯಲ್ಲಿ ಮುಹಿಯುದ್ದೀನಾಕ, ಅವರ ಗಡಿಯಾರ ರಿಪೇರಿಯ ಅಂಗಡಿ. ನಲವತ್ತು ವರ್ಷದಿಂದ ನಾಣ್ಯ ಕೂಡಿಟ್ಟ ಮನುಷ್ಯ. ಕ್ರಿಶ್ಚಿಯನ್ ಹೆಂಗಸರನ್ನು ಊರಲ್ಲಿ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ನನ್ನ ಹೊಳೆಯುವ ನಾಣ್ಯಗಳನ್ನು ನೋಡಿ ಹಣೆಗೆ ಕೈ ಹಚ್ಚಿದರು.

"ಬಾಯಮ್ಮ, ಇದನ್ನು ನೀವು ತೊಳೆದದ್ದಾ, ಚರ್ಮ ಸುಲಿದದ್ದಾ?"

"ಕೊಳೆ ಇತ್ತಲ್ಲ ಕಾಕ."

"ಕೊಳೆ ಇರ್ಲಿ. ಇನ್ನು ಮೇಲೆ ನೀರು ಕೂಡ ತಾಗಿಸ್ಬೇಡಿ. ಹಿಡಿಯುವಾಗ ಅಂಚಿನಲ್ಲಿ ಮಾತ್ರ ಹಿಡೀರಿ, ಮುಖಕ್ಕೆ ಬೆರಳು ತಾಗ್ಬಾರ್ದು."

ಹೀಗೆ ಪಾಠ ಶುರುವಾಯಿತು. ಟಂಕಸಾಲೆಯಲ್ಲಿ ಆದ ತಪ್ಪು ಬೇರೆ, ಹೊರಗೆ ಬಂದ ಮೇಲೆ ಆದ ಗಾಯ ಬೇರೆ ಎಂದು ಅವರು ಹೇಳಿಕೊಟ್ಟರು. ಟೈರಿನ ಅಡಿ ಸಿಕ್ಕಿದ್ದು, ಕಲ್ಲಿಗೆ ಉಜ್ಜಿದ್ದು, ಯಾರೋ ಬೇಕೆಂದೇ ಒತ್ತಿದ್ದು ಯಾವುದಕ್ಕೂ ಕಿಮ್ಮತ್ತಿಲ್ಲ. ಹೊಸಬರಿಗೆ ಎಲ್ಲ ಗಾಯವೂ ಅಪರೂಪದ ತಪ್ಪಿನ ಹಾಗೆ ಕಾಣುತ್ತದೆಯಂತೆ. ಅವರು ಒಂದು ಭೂತಗನ್ನಡಿಯನ್ನೂ ಕೊಟ್ಟರು, ಕಾಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಲಿಯೊನೆಲ್ ಪ್ರತಿ ವಾರ ರುವೈಸಿನಿಂದ ಒಂದು ಬಟ್ಟೆಚೀಲದಲ್ಲಿ ಚಿಲ್ಲರೆ ತರತೊಡಗಿದ. ವರ್ಕ್‌ಶಾಪಿನ ಪಕ್ಕದ ಕೆಫೆಟೇರಿಯಾದಲ್ಲಿ ನೋಟು ಕೊಟ್ಟು ಬದಲಾಯಿಸಿದ್ದು ಎನ್ನುತ್ತಿದ್ದ. ಇನ್ನೂರು ಮುನ್ನೂರು ನಾಣ್ಯ, ಎಲ್ಲ ಸಾದಾ. ಕಿಟಕಿಯ ಬಳಿ ಟವೆಲ್ ಹಾಸಿ ನಾನು ಒಂದೊಂದನ್ನೇ ನೋಡುತ್ತಿದ್ದೆ. ಮೂರನೇ ವಾರ ಒಂದು ದಿರ್ಹಮಿನ ಮೇಲೆ ಕಾಫಿ ಹೂಜಿಯ ಚಿತ್ರಕ್ಕೆ ಅಡ್ಡವಾಗಿ ತಿರುಗುಮುರುಗಾದ ಅಕ್ಷರಗಳ ನೆರಳು ಕಂಡಿತು. ಒಂದು ನಾಣ್ಯ ಅಚ್ಚಿನಲ್ಲೇ ಸಿಕ್ಕಿಕೊಂಡು ಮುಂದಿನ ನಾಣ್ಯಕ್ಕೆ ಒತ್ತಿದರೆ ಹೀಗಾಗುತ್ತದೆ ಎಂದು ಮುಹಿಯುದ್ದೀನಾಕ ಹೇಳಿದ್ದರು. ನಾನು ಕೂತಲ್ಲೇ ಕಿರುಚಿದೆ. ಅಡುಗೆಮನೆಯಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದ ಲಿಯೊನೆಲ್ ಕೈ ಒರೆಸದೆಯೇ ಓಡಿ ಬಂದ.

"ಎಲ್ಲಿ, ಎಲ್ಲಿ? ನಂಗೇನೂ ಕಾಣುದಿಲ್ಲಪ್ಪ" ಎಂದ ಕಳ್ಳ.

"ಇಲ್ನೋಡು ಮಾರಾಯ! ಸರಿ ನೋಡು!"

"ನಿನ್ನ ಕಣ್ಣೇ ಕಣ್ಣು ಉರ್ಸು."

ಏಳು ತಿಂಗಳಲ್ಲಿ ಹೀಗೆ ಹನ್ನೊಂದು ಸಿಕ್ಕಿದವು. ಸಾವಿರಾರು ನಾಣ್ಯದ ರಾಶಿಯಿಂದ ನಾನೇ ಹೆಕ್ಕಿದ್ದು, ಯಾರೂ ತೋರಿಸಿಕೊಟ್ಟದ್ದಲ್ಲ. ಮುಹಿಯುದ್ದೀನಾಕ ಒಂದೊಂದನ್ನೂ ನೋಡಿ ತಲೆಯಾಡಿಸಿ 'ಇಟ್ಕೊಳ್ಳಿ, ಯಾರಿಗೂ ಮಾರ್ಬೇಡಿ' ಎನ್ನುತ್ತಿದ್ದರು. ನಾನು ಅಕ್ಕಿಯನ್ನು ಒಂದೇ ಸಲ ನೋಡಲು ಶುರುಮಾಡಿದೆ. ಹನ್ನೊಂದನೆಯದು ಸಿಕ್ಕಿದ ವಾರವೇ ಅಲ್ ರೀಮ್ ಐಲ್ಯಾಂಡಿನ ಒಂದು ಕ್ಲಿನಿಕ್ಕಿನ ಲ್ಯಾಬಿಗೆ ಅರ್ಜಿ ಹಾಕಿದೆ. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ಶಾರನ್ ಮಂಗಳೂರಿನವರು. ನಮ್ಮ ಕಡೆಯವಳು ಎಂದೋ ಏನೋ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಸೋಮವಾರದಿಂದ ಬನ್ನಿ, ಸ್ಲೈಡೆಲ್ಲ ನಿಮ್ಮದೇ ಜವಾಬ್ದಾರಿ ಎಂದರು.

ಆ ಸೋಮವಾರಕ್ಕೆ ಮೊದಲಿನ ಶನಿವಾರ ಮುಹಿಯುದ್ದೀನಾಕರಿಗೆ ಸುದ್ದಿ ಹೇಳೋಣ ಎಂದು ಇಬ್ಬರೂ ಅಲ್ ನಹ್ದಾಕ್ಕೆ ಹೋದೆವು. ನಮ್ಮ ಕ್ರಿಸ್ಮಸ್ಸಿನ ಸಿಹಿತಿಂಡಿ ಕುಲ್‌ಕುಲ್ ಒಂದು ಡಬ್ಬಿ ಮಾಡಿಕೊಂಡು ಹೋಗಿದ್ದೆ. ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತು, ಅವರು ಮಸೀದಿಗೆ ಹೊರಟಿದ್ದರು. ಲಿಯೊನೆಲ್ ಕರಕ್ ಚಹಾ ತರುತ್ತೇನೆಂದು ಎದುರಿನ ಕೆಫೆಟೇರಿಯಾಕ್ಕೆ ಹೋದ. 'ಬಾಯಮ್ಮ, ಅಂಗಡಿ ನೋಡ್ಕೊಳ್ಳಿ' ಎಂದು ಅವರು ನನ್ನನ್ನು ತಮ್ಮ ಮೇಜಿನ ಮುಂದೆ ಕೂರಿಸಿ ಹೋದರು.

ಸುಮ್ಮನೆ ಕೂರಲಾರದವಳು ನಾನು. ಮೇಜಿನ ಮೇಲೆ ಗಡಿಯಾರವನ್ನು ಕಚ್ಚಿ ಹಿಡಿಯುವ ಸಣ್ಣ ಇಕ್ಕಳವಿತ್ತು, ಒಳ್ಳೆಯ ದೀಪವಿತ್ತು. ನನ್ನ ಮೊದಲ ದಿರ್ಹಮನ್ನು ಚೀಲದಲ್ಲಿ ತಂದಿದ್ದ ನಾಣ್ಯದ ಆಲ್ಬಮ್ಮಿನಿಂದ ತೆಗೆದು ಇಕ್ಕಳದಲ್ಲಿ ನಿಲ್ಲಿಸಿದೆ. ಆವರೆಗೆ ನಾನು ಒಂದೂ ನಾಣ್ಯದ ಅಂಚನ್ನು ನೋಡಿರಲಿಲ್ಲ. ಅಂಚಿನಲ್ಲಿ ಮಾತ್ರ ಹಿಡಿಯಿರಿ ಎಂದದ್ದನ್ನು ಎಷ್ಟು ಭಕ್ತಿಯಿಂದ ಪಾಲಿಸಿದ್ದೆ ಎಂದರೆ ಅಂಚಿನ ಮೇಲೆ ಯಾವಾಗಲೂ ನನ್ನ ಬೆರಳೇ ಇರುತ್ತಿತ್ತು.

ದಿರ್ಹಮಿನ ಅಂಚಿನಲ್ಲಿ ಸುತ್ತಲೂ ಸಣ್ಣ ಗೆರೆಗಳಿರುತ್ತವೆ. ಈ ನಾಣ್ಯದಲ್ಲಿ ಒಂದು ಕಡೆ ಆ ಗೆರೆಗಳು ಸವೆದು ನುಣ್ಣಗಾಗಿದ್ದವು. ಭೂತಗನ್ನಡಿ ಹಿಡಿದರೆ ಅಲ್ಲಿ ಓರೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ಎಳೆದ ನವಿರಾದ ಗೀರುಗಳು. ಆ ಗೀರು ನನಗೆ ಗೊತ್ತು. ನನ್ನ ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನ ನಾಲ್ಕೂ ಮೂಲೆಯಲ್ಲಿ ಅದು ಇದೆ, ಸ್ಟೇಸಿಯ ಕಬ್ಬಿಣದ ಸ್ಕೇಲಿನಲ್ಲಿ ಇದೆ, ಹೊಸದಾಗಿ ಮಾಡಿಸಿದ ಮನೆ ಕೀಲಿಕೈಯಲ್ಲೂ ಇದೆ. ಯಾವ ಲೋಹ ಕೈಗೆ ಬಂದರೂ ಅದರ ಅಂಚಿಗೆ ಎಮರಿ ಕಾಗದ ಉಜ್ಜದೆ ಲಿಯೊನೆಲ್ ಕೆಳಗಿಡುವವನಲ್ಲ. ಯಾರ ಕೈಗೂ ಚುಚ್ಚಬಾರದು ಎನ್ನುವುದು ಅವನ ವರ್ಕ್‌ಶಾಪಿನ ಅಭ್ಯಾಸ.

ಎರಡನೆಯದನ್ನು ನಿಲ್ಲಿಸಿದೆ, ಅದೇ ಗೀರು. ಮೂರನೆಯದು, ನಾಲ್ಕನೆಯದು. ವರ್ಕ್‌ಶಾಪಿನ ಪ್ರೆಸ್ಸಿನಲ್ಲಿ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ಒತ್ತಿದರೆ ಒಂದರ ಅಚ್ಚು ಇನ್ನೊಂದರಲ್ಲಿ ಮೂಡುತ್ತದೆ, ಅಂಚು ಉಬ್ಬುತ್ತದೆ. ಉಬ್ಬಿದ್ದು ನನ್ನ ಬೆರಳಿಗೆ ಚುಚ್ಚೀತು ಎಂದು ಉಜ್ಜಿದ್ದಾನೆ. ನಾಲ್ಕನೆಯದನ್ನು ಇಕ್ಕಳದಲ್ಲೇ ಬಿಟ್ಟು ಬಾಗಿಲು ನೋಡುತ್ತಾ ಕೂತೆ.

ಮುಹಿಯುದ್ದೀನಾಕ ಒಳಗೆ ಬಂದವರು ಇಕ್ಕಳದಲ್ಲಿ ನಿಂತ ನಾಣ್ಯ ನೋಡಿ ಬಾಗಿಲಲ್ಲೇ ನಿಂತರು.

"ನಿಮಗೆ ಗೊತ್ತಿತ್ತು" ಎಂದೆ.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಮುಖ ನೋಡಿ ನಂಗೆ ಬಾಯಿ ಬರ್ಲಿಲ್ಲ ಬಾಯಮ್ಮ. ಮಾರ್ಬೇಡಿ ಅಂತ ಮಾತ್ರ ಹೇಳಿದೆ. ಲಿಯೊನೆಲ್‌ಗೂ ಹೇಳಿದ್ದೆ, ಈ ದೇಶದ ನಾಣ್ಯ ಹಾಳು ಮಾಡಿದ್ರೆ ಕೇಸಾಗ್ತದೆ, ನಿಲ್ಸು ಅಂತ. ಅವ ಕೇಳ್ಲಿಲ್ಲ."

ಅಷ್ಟರಲ್ಲಿ ಲಿಯೊನೆಲ್ ಮೂರು ಕಾಗದದ ಕಪ್ಪು ಹಿಡಿದು ಬಂದ. ನನ್ನನ್ನು ನೋಡಿದ, ಅವರನ್ನು ನೋಡಿದ. ಕಿವಿಯ ತುದಿಯಿಂದ ಕುತ್ತಿಗೆಯವರೆಗೆ ಕೆಂಪಾದ.

"ಉರ್ಸು, ನೀನು ಅಕ್ಕಿ ಮೂರು ಮೂರು ಸಲ ನೋಡ್ತಾ ಇದ್ದಿ. ನಂಗೆ ಅದನ್ನು ನೋಡ್ಲಿಕ್ಕೆ ಆಗ್ತಿರ್ಲಿಲ್ಲ."

"ಅದಕ್ಕೆ?"

"ಒಂದು ಸಿಕ್ಕಿದ್ರೆ ನಿಂಗೆ ಧೈರ್ಯ ಬರ್ಲಿ ಅಂತ ಮಾಡಿದೆ. ಒಂದೇ ಮಾಡುದು ಅಂತ ಇತ್ತು. ನೀನು ಆ ದಿನ ಎಷ್ಟು ನಗಾಡಿದ್ದಿ ಗೊತ್ತುಂಟಾ?"

"ಸೋಮವಾರದಿಂದ ನಾನು ಜನರ ರಕ್ತ ನೋಡ್ಲಿಕ್ಕುಂಟು ಲಿಯೊ! ಯಾರನ್ನು ನಂಬಿ ಹೊರಟದ್ದು ನಾನು? ನಿನ್ನ ಈ ನಾಣ್ಯವನ್ನು ನಂಬಿ! ಇನ್ನೊಬ್ಬ ಜ್ವರ ಅಂತ ಬಂದು ನನ್ನ ಎದುರು ಕೈ ಚಾಚಿದ್ರೆ, ಅವನಿಗೂ ನೀನು ಕಿಡ್ನಿ ಮಾಡಿ ಕೊಡ್ತೀಯಾ ನಿನ್ನ ವರ್ಕ್‌ಶಾಪಲ್ಲಿ?"

ಮುಹಿಯುದ್ದೀನಾಕ ಅವನ ಕೈಯಿಂದ ಚಹಾ ತೆಗೆದು ಬದಿಗಿಟ್ಟು, ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಎಂಬ ಬೋರ್ಡು ತಿರುಗಿಸಿದರು. ಬೈದು ಮುಗಿದ ಮೇಲೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಉಳಿಯಿತು. ಹನ್ನೊಂದೂ ಸುಳ್ಳೇ? ಒಂದಾದರೂ ನಿಜವಾಗಿ ನನ್ನ ಕಣ್ಣಿಗೆ ಬಿದ್ದದ್ದು ಇಲ್ಲವೇ? ಒಂದು ಸಾಕಿತ್ತು ನನಗೆ. ಒಂದಿದ್ದರೆ ಸೋಮವಾರ ಹೋಗಬಹುದಿತ್ತು.

"ಎಲ್ಲ ನೀನೇ ಮಾಡಿದ್ದಾ?" ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದೆ. "ಬೇಡ. ಹೇಳ್ಬೇಡ. ನಾನೇ ನೋಡ್ತೇನೆ. ಕಾಕ, ನೀವೂ ಬಾಯಿ ಬಿಡ್ಬೇಡಿ."

ಅರ್ಧ ಗಂಟೆ ಹಿಡಿಯಿತು. ಒಂದೊಂದನ್ನೂ ಮುಖ, ಬೆನ್ನು, ಅಂಚು ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಹೀಗೆ ನೋಡಿ ಎಷ್ಟು ದಿನವಾಗಿತ್ತೋ! ಒಂಬತ್ತನ್ನು ಎಡಕ್ಕೆ ಸರಿಸಿದೆ, ಒಂಬತ್ತರಲ್ಲೂ ಎಮರಿಯ ಗೀರು ಸ್ಪಷ್ಟವಿತ್ತು. ಉಳಿದವು ಎರಡು, ಏಳು ಮೂಲೆಯ ಐವತ್ತು ಫಿಲ್ಸಿನ, ಅಂದರೆ ಅರ್ಧ ದಿರ್ಹಮಿನ ನಾಣ್ಯಗಳು. ಅವುಗಳಲ್ಲಿ ಅಂಕಿಯ ಮೇಲೆ ಇನ್ನೊಂದು ಅಂಕಿಯ ನೆರಳು ಮೂಡಿತ್ತು. ಅಂಚು ಸರಿಯಾಗಿತ್ತು, ಉಬ್ಬಿರಲಿಲ್ಲ, ಗೀರಿರಲಿಲ್ಲ. ಮತ್ತೆ ನೋಡಿದೆ, ಇನ್ನೂ ಒಮ್ಮೆ ನೋಡಿದೆ. ಅವೆರಡನ್ನು ಬಲಕ್ಕೆ ಇಟ್ಟೆ.

"ಇವು ಒಂಬತ್ತು ನಿನ್ನದು" ಎಂದೆ. "ಇವೆರಡು ಟಂಕಸಾಲೆಯದ್ದು. ಇವೆರಡನ್ನು ನಾನು ಹುಡುಕಿದ್ದು."

ಮುಹಿಯುದ್ದೀನಾಕ ಲಿಯೊನೆಲ್‌ನ ಮುಖ ನೋಡಿದರು. ಲಿಯೊನೆಲ್ ಆ ಎರಡು ನಾಣ್ಯಗಳನ್ನು ನೋಡುತ್ತಾ ನಿಂತ. ಹೌದು ಎಂದು ಒಂದು ಮಾತು ಹೇಳಿದ್ದರೆ ನಾವು ನಗುತ್ತಾ ಚಹಾ ಕುಡಿದು ಮನೆಗೆ ಬರುತ್ತಿದ್ದೆವು. ಅವನಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

"ಅಲ್ಲ ಉರ್ಸು" ಎಂದ. "ಅವೂ ನಾನೇ ಮಾಡಿದ್ದು. ಕೊನೆಗೆ ಮಾಡಿದ್ದು. ಆಗ ನಂಗೆ ಕೈ ಕೂತಿತ್ತು, ನಾಣ್ಯದ ಅಡಿಯಲ್ಲಿ ಚರ್ಮದ ತುಂಡು ಇಟ್ಟು ಒತ್ತಿದೆ. ಅಂಚು ಉಬ್ಬಲಿಲ್ಲ, ಉಜ್ಜಲಿಕ್ಕೆ ಇರ್ಲಿಲ್ಲ."

ನಾನು ಮುಹಿಯುದ್ದೀನಾಕರ ಕಡೆ ತಿರುಗಿದೆ. ಅವರು ಹಿಂಜರಿಯುತ್ತಾ ಒಂದು ಸಣ್ಣ ಸೂಜಿ ತೆಗೆದುಕೊಂಡು ನಾಣ್ಯ ಮಗುಚಿದರು. ಬೆನ್ನಿನಲ್ಲಿ ಎಣ್ಣೆ ಬಾವಿಯ ಮೂರು ಗೋಪುರಗಳ ಚಿತ್ರವಿದೆ. ಆ ಗೋಪುರಗಳ ತುದಿಗೆ ಸೂಜಿ ಇಟ್ಟರು. ತುದಿಗಳು ಕೂದಲೆಳೆಯಷ್ಟು ಚಪ್ಪಟೆಯಾಗಿದ್ದವು. ಟಂಕಸಾಲೆಯಿಂದ ಹೊರಗೆ ಬಂದ ನಾಣ್ಯವನ್ನು ಇನ್ನೊಂದು ಮುಖದ ಕಡೆಯಿಂದ ಒತ್ತಿದರೆ ಮಾತ್ರ ಹಾಗಾಗುತ್ತದೆಯಂತೆ.

ತೋರಿಸಿದ ಮೇಲೆ ಕಂಡಿತು. ತೋರಿಸಿದ ಮೇಲೆ ಯಾರಿಗೂ ಕಾಣುತ್ತದೆ. ಜಯಪಾಲನ ಸ್ಲೈಡಿನ ಉಂಗುರಗಳೂ ನನಗೆ ತೋರಿಸಿದ ಮೇಲೆಯೇ ಕಂಡಿದ್ದವು.

ನಾನು ಅಳಲಿಲ್ಲ. ಬೈಯಲೂ ಇಲ್ಲ. ಚೀಲದಿಂದ ಫೋನ್ ತೆಗೆದು ಡಾಕ್ಟರ್ ಶಾರನ್ ಅವರಿಗೆ ಹಚ್ಚಿದೆ. 'ಉರ್ಸು, ಸ್ವಲ್ಪ ಯೋಚನೆ ಮಾಡು' ಎಂದು ಲಿಯೊನೆಲ್ ಹತ್ತಿರ ಬಂದ. ಬೇಡ ಎಂದು ತಲೆಯಾಡಿಸಿದೆ.

ಹೋದ ವರ್ಷದ್ದನ್ನೆಲ್ಲ ಹೇಳಿದೆ. ಸ್ಲೈಡ್ ನಾನೇ ಮಾಡಿದ್ದು, ಬಣ್ಣ ಸರಿಯಾಗಿಯೇ ಇತ್ತು, ತಪ್ಪಿದ್ದು ನಾನು ಎಂದು ಹೇಳಿದೆ. ಇಂಟರ್‌ವ್ಯೂನಲ್ಲಿ ಮುಚ್ಚಿಟ್ಟದ್ದೂ ತಪ್ಪು ಎಂದೆ. ರಕ್ತ ತೆಗೆಯುವ ಕೆಲಸ ಇದ್ದರೆ ಕೊಡಿ, ಸ್ಲೈಡ್ ಮಾತ್ರ ನನ್ನೊಬ್ಬಳ ಕೈಗೆ ಬಿಡಬೇಡಿ ಎಂದೆ.

"ಅಯ್ಯೋ ಉರ್ಸುಲಾ, ಅದೆಲ್ಲ ಯಾರಿಗೂ ಆಗ್ತದೆ" ಎಂದರು ಅವರು, ತುಂಬಾ ಮೆತ್ತಗೆ.

"ಹಾಗೆ ಹೇಳ್ಬೇಡಿ ಡಾಕ್ಟರ್!" ನನ್ನ ದನಿ ಎಷ್ಟು ಏರಿತೆಂದರೆ ಗೋಡೆಯ ಬಳಿ ನಿಂತಿದ್ದ ಮುಹಿಯುದ್ದೀನಾಕ ಬೆಚ್ಚಿಬಿದ್ದರು. "ದಯವಿಟ್ಟು ಹಾಗೆ ಹೇಳ್ಬೇಡಿ. ಎಲ್ಲರೂ ಅದನ್ನೇ ಹೇಳಿದ್ದಾರೆ ನಂಗೆ."

ಆಮೇಲೆ ಬಂದ ದನಿ ಬೇರೆಯೇ ಆಗಿತ್ತು, ಊರಿನ ಸಲಿಗೆ ಅದರಲ್ಲಿ ಇರಲಿಲ್ಲ. "ಸೋಮವಾರ ಎಂಟು ಗಂಟೆಗೆ ಬನ್ನಿ. ಕೆಲಸಕ್ಕೆ ಅಲ್ಲ. ನಲವತ್ತು ಸ್ಲೈಡ್ ಇಡ್ತೇನೆ, ನೀವು ಒಬ್ಬರೇ ನೋಡ್ಬೇಕು. ಒಂದು ತಪ್ಪಿದ್ರೂ ನಾನು ನಿಮ್ಮನ್ನು ವಾಪಸ್ ಕಳಿಸ್ತೇನೆ. ಆಗ ಬೇಜಾರು ಮಾಡ್ಕೊಳ್ಬಾರ್ದು."

"ಇಲ್ಲ" ಎಂದೆ.

ಫೋನ್ ಕೆಳಗಿಟ್ಟಾಗ ಲಿಯೊನೆಲ್‌ನ ಕಣ್ಣು ತುಂಬಿತ್ತು. ಎಂತ ಹೇಳಿದರು ಎಂದು ಕೇಳಿದ.

"ಸೋಮವಾರ ಪರೀಕ್ಷೆ ಮಾಡ್ತಾರಂತೆ."

"ಫೇಲಾದ್ರೆ?"

"ಫೇಲಾದ್ರೆ ಫೇಲಾಗಿದ್ದಿ ಅಂತ ಮುಖಕ್ಕೇ ಹೇಳ್ತಾರೆ ಲಿಯೊ" ಎಂದೆ, ಅಷ್ಟು ಹೇಳುವಾಗ ಮಾತ್ರ ನನಗೆ ಅಳು ಬಂತು.